ಕುಲಶಾಸ್ತ್ರೀಯ ಅಧ್ಯಯನ ಮಾಡುವವರು ನಮ್ಮ ಜಿಲ್ಲೆಗಳಿಂದಲೇ ಬರಲಿ

ಮಾನ್ಯ ಸಂಪಾದಕರೇ,

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಕುರುಬರನ್ನು ಗೊಂಡ ಸಮುದಾಯದ ಪರ್ಯಾಯ ಹೆಸರಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಒಂದು ಕಡೆ, ಕೋಲಿ–ಕಬ್ಬಲಿಗರ ಬೇಡಿಕೆ ಇನ್ನೊಂದು ಕಡೆ. ಇವುಗಳ ಸುದ್ದಿ ಪ್ರಕಟವಾದಾಗಲೆಲ್ಲ ‘ಕುಲಶಾಸ್ತ್ರೀಯ ಅಧ್ಯಯನ’ದ, ಅಂದರೆ ಒಂದು ಸಮುದಾಯದ ಮೂಲ, ಆಚಾರ, ಬದುಕನ್ನು ಊರೂರಿಗೆ ಹೋಗಿ ದಾಖಲಿಸುವ ಅಧ್ಯಯನದ, ಮಾತು ಬಂದೇ ಬರುತ್ತದೆ. ವರದಿ ಸಲ್ಲಿಕೆಯಾಯಿತು, ಕಡತ ದೆಹಲಿಗೆ ಹೋಯಿತು, ಸ್ಪಷ್ಟನೆ ಕೇಳಿದರು ಎಂದು ಓದುತ್ತೇವೆ. ಆ ಅಧ್ಯಯನವನ್ನು ಯಾರು ಮಾಡಬೇಕು, ಅದಕ್ಕೆ ಏನು ಓದಿರಬೇಕು, ನಮ್ಮ ಭಾಗದ ಹುಡುಗ ಹುಡುಗಿಯರು ಅದನ್ನು ಎಲ್ಲಿ ಕಲಿಯಬೇಕು ಎಂಬ ಚರ್ಚೆ ಮಾತ್ರ ಎಲ್ಲೂ ನಡೆಯುತ್ತಿಲ್ಲ. ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗೂ ವಿಶ್ವವಿದ್ಯಾಲಯಗಳನ್ನು ನಡೆಸುವವರಿಗೂ ತಲುಪಲಿ ಎಂದು ಈ ದೀರ್ಘ ಪತ್ರ ಬರೆಯುತ್ತಿದ್ದೇವೆ. ಯಾವ ಬೇಡಿಕೆ ಸರಿ, ಯಾವುದು ತಪ್ಪು ಎಂದು ಹೇಳುವುದು ನಮ್ಮ ಉದ್ದೇಶವಲ್ಲ.

ಮೊದಲು ಕಡತ ಸಾಗುವ ದಾರಿ ನೋಡಿ. 1999ರಲ್ಲಿ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕ್ರಮದಂತೆ ರಾಜ್ಯ ಸರ್ಕಾರ ಅಧ್ಯಯನ ವರದಿಯೊಂದಿಗೆ ಶಿಫಾರಸು ಕಳಿಸಬೇಕು. ಅದನ್ನು ಭಾರತದ ಮಹಾ ರಿಜಿಸ್ಟ್ರಾರ್ ಕಚೇರಿ ಪರಿಶೀಲಿಸುತ್ತದೆ. ಅಲ್ಲಿ ಒಪ್ಪಿಗೆಯಾದರೆ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ, ಆಮೇಲೆ ಸಂಪುಟ, ಕೊನೆಗೆ ಸಂಸತ್ತು. ಪರಿಶೀಲನೆಗೆ ಇಂದಿಗೂ ಆಧಾರ 1965ರ ಲೋಕೂರ್ ಸಮಿತಿ ಹೇಳಿದ ಐದು ಲಕ್ಷಣಗಳು: ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಮಾನದಂಡಗಳ ಬಗ್ಗೆ ಮಾನವಶಾಸ್ತ್ರಜ್ಞರಲ್ಲೇ ತೀವ್ರ ಆಕ್ಷೇಪಗಳಿವೆ, ನಮಗೂ ಇವೆ. ಆದರೆ ಮಾನದಂಡ ಬದಲಾಗುವವರೆಗೆ ವರದಿ ಅದಕ್ಕೇ ಉತ್ತರ ಕೊಡಬೇಕು. ಒಂದು ಸಮುದಾಯ ಇನ್ನೊಂದರ ಪರ್ಯಾಯ ಎಂದು ಸಾಧಿಸಬೇಕಾದರೆ ಎರಡೂ ಕಡೆಯ ಬೆಡಗು (ಒಂದೇ ಮೂಲದವರೆಂದು ನಂಬುವ ಮನೆತನಗಳ ಗುಂಪು), ಮದುವೆಯ ಕಟ್ಟಳೆ, ಕುಲದೇವರು, ಸಾವಿನ ಆಚರಣೆ, ಭಾಷೆಯ ಉಳಿಕೆ, ಹಳೆಯ ಜನಗಣತಿಯ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಬೇಕು. ಗೊಂಡರ ವಿಷಯದಲ್ಲಾದರೆ ಆದಿಲಾಬಾದಿನ ರಾಜಗೊಂಡರವರೆಗೆ ಹೋಗಬೇಕು. ಸಮುದಾಯದ ಮುಖಂಡರು ತೋರಿಸಿದ ಊರಿಗೆ ಹೋಗಿ, ಅವರೇ ಕೂಡಿಸಿದ ಹಿರಿಯರಿಗೆ ‘ನೀವು ಗೊಂಡರೇ ಹೌದಲ್ಲ’ ಎಂದು ಕೇಳಿ, ಬಂದ ಉತ್ತರವನ್ನು ಕೋಷ್ಟಕ ಮಾಡಿದರೆ ಅದು ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಉತ್ತರ ಪ್ರಶ್ನೆಯೊಳಗೇ ಇತ್ತು ಎಂದು ಓದಿದವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಇಂಥ ಕೆಲಸಕ್ಕೆ ತರಬೇತಿ ಕೊಡುವ ಶಾಸ್ತ್ರ ಮಾನವಶಾಸ್ತ್ರ. ಅದರಲ್ಲಿ ನಾಲ್ಕು ಕವಲುಗಳು: ಸಾಮಾಜಿಕ–ಸಾಂಸ್ಕೃತಿಕ, ಜೈವಿಕ, ಪುರಾತತ್ವ, ಭಾಷೆ. ನಮ್ಮ ಕಡೆಯ ಬಹುಪಾಲು ಪದವಿ ಕಾಲೇಜುಗಳಲ್ಲಿ ಈ ವಿಷಯ ಕಾಣುವುದಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯವಾಗಿ ಮಾತ್ರ ಅನೇಕರು ಇದರ ಹೆಸರು ಕೇಳಿದ್ದಾರೆ. ತಲಾ 250 ಅಂಕಗಳ ಆ ಎರಡು ಪತ್ರಿಕೆಗಳಿಗಾಗಿ ಓದಿದ ನೋಟ್ಸ್ ಸಂಶೋಧನೆಗೆ ಸಾಲದು, ಏಕೆಂದರೆ ಕ್ಷೇತ್ರಕಾರ್ಯ, ಅಂದರೆ ಊರಿನಲ್ಲೇ ಇದ್ದು ಮಾಹಿತಿ ಕಲೆಹಾಕುವ ಕೆಲಸ, ಅದರಲ್ಲಿ ಇಲ್ಲ.

ಪದವಿಯಲ್ಲಿ ಮಾನವಶಾಸ್ತ್ರ ಓದಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂದೆ ಸರಿಯಬೇಕಾಗಿಲ್ಲ. 2024ರಲ್ಲಿ ಯುಜಿಸಿ ಹೊರಡಿಸಿದ ಸ್ನಾತಕೋತ್ತರ ಪಠ್ಯಕ್ರಮ ಚೌಕಟ್ಟಿನ ಪ್ರಕಾರ, ಪದವಿಯಲ್ಲಿ ಯಾವ ವಿಷಯ ಓದಿದ್ದರೂ ಆಯಾ ವಿಷಯದ ಪ್ರವೇಶ ಪರೀಕ್ಷೆಯಲ್ಲಿ ಅರ್ಹರಾದವರು ಆ ಸ್ನಾತಕೋತ್ತರ ಕೋರ್ಸಿಗೆ ಸೇರಬಹುದು. ಪ್ರಾಣಿಶಾಸ್ತ್ರ ಓದಿದವರು, ನರ್ಸಿಂಗ್ ಮುಗಿಸಿದವರು, ಕನ್ನಡ ಅಥವಾ ಉರ್ದು ಐಚ್ಛಿಕ ಓದಿದವರು, ಭೂವಿಜ್ಞಾನದವರು ಎಲ್ಲರೂ ಬರಬಹುದು, ಬರಬೇಕು ಕೂಡ. ಹತ್ತಿರದಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಎಂ.ಎ. ಇದೆ, ಪ್ರವೇಶ ಸಿಯುಇಟಿ–ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಬೀದರಿನವರಿಗಂತೂ ಅದು ಧಾರವಾಡಕ್ಕಿಂತ ಬಹಳ ಹತ್ತಿರ. ರಾಜ್ಯದೊಳಗೆ ಮೈಸೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಿವೆ. ಕನ್ನಡದಲ್ಲೇ ಬುಡಕಟ್ಟು ಅಧ್ಯಯನ ಮಾಡಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಮನೆ ಬಿಟ್ಟು ಹೋಗಲು ಆಗದವರು ದೂರಶಿಕ್ಷಣ ನೀಡುವ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂ.ಎ. ಮಾನವಶಾಸ್ತ್ರ ಮಾಡಬಹುದು. ಅದಕ್ಕೆ ಯಾವ ಪದವಿಯಾದರೂ ಸಾಕು.

ಮೈಸೂರು, ಧಾರವಾಡಕ್ಕೆ ಅರ್ಜಿ ಹಾಕುವವರು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿಯನ್ನು ಮರೆಯಬಾರದು. ನಮ್ಮ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಎಂಬುದು ಎಲ್ಲರಿಗೂ ಗೊತ್ತು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8ರಷ್ಟು ಮೀಸಲು ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಇದಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಜಾತಿ–ಆದಾಯ ಪತ್ರದಂತೆ ಕೊನೆಯ ವಾರದಲ್ಲಿ ಮಾಡಿಸಿದರಾಯಿತು ಎಂದುಕೊಂಡರೆ ಸೀಟು ಕೈತಪ್ಪುತ್ತದೆ, ಅಂತಿಮ ವರ್ಷದ ಪರೀಕ್ಷೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕು. ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಈ ಮೀಸಲು ಅನ್ವಯಿಸದು.

ಸಿಯುಇಟಿ–ಪಿಜಿಯಲ್ಲಿ 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2025ರಲ್ಲಿ ಸಮಯ 90 ನಿಮಿಷ ಇತ್ತು. ಮಾನವಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಎಡವುವುದು ಇಲ್ಲೇ. ವಿಷಯ ಗೊತ್ತಿದ್ದರೂ ಪಾರಿಭಾಷಿಕ ಪದದ ಇಂಗ್ಲಿಷ್ ರೂಪ ಗೊತ್ತಿರುವುದಿಲ್ಲ. ಕಾಲೇಜುಗಳು ಬೇರೇನೂ ಮಾಡದಿದ್ದರೂ, ರಕ್ತಸಂಬಂಧ, ವಿವಾಹ, ಮಾನವ ವಿಕಾಸ, ಪ್ರಾಗಿತಿಹಾಸ ಈ ನಾಲ್ಕು ಭಾಗಗಳ ಮುನ್ನೂರು ಪದಗಳಷ್ಟನ್ನು ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ ಹಂಚಿದರೆ ಬಹಳ ದೊಡ್ಡ ಉಪಕಾರವಾಗುತ್ತದೆ.

ಪಿಎಚ್‌.ಡಿ. ಹಂತದಲ್ಲಿ ಇನ್ನಷ್ಟು ಎಚ್ಚರ ಬೇಕು. 2024ರ ಜೂನ್‌ನಿಂದ ಎನ್‌ಇಟಿ (ಅಧ್ಯಾಪಕ ಹುದ್ದೆಗೆ ನಡೆಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನು ಪಿಎಚ್‌.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗದೆ ಅರ್ಹರಾದವರಿಗೆ ಎನ್‌ಇಟಿಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಆ ಅಂಕದ ಬಾಳಿಕೆ ಒಂದು ವರ್ಷ. ಎನ್‌ಇಟಿಯನ್ನು ಸ್ನಾತಕೋತ್ತರದಲ್ಲಿ ಓದಿದ ವಿಷಯದಲ್ಲೇ ಬರೆಯಬೇಕೆಂಬುದು ನಿಯಮ. ಸಮಾಜಶಾಸ್ತ್ರ ಎಂ.ಎ. ಮಾಡಿದವರು ‘ಮಾನವಶಾಸ್ತ್ರ ಸುಲಭವಂತೆ’ ಎಂದು ಅದನ್ನು ಬರೆದು ಪಾಸಾದರೂ ಪ್ರಮಾಣಪತ್ರದ ಹಂತದಲ್ಲಿ ತೊಂದರೆಗೆ ಸಿಲುಕುತ್ತಾರೆ. ಎರಡನೇ ಎಂ.ಎ. ಆಗಿ ಇಗ್ನೋ ಹಿಡಿಯುವುದು ಇದಕ್ಕೆ ಒಂದು ಪರಿಹಾರ. 2022ರಿಂದ ಒಂದೇ ಕಾಲಕ್ಕೆ ಎರಡು ಪದವಿ ಮಾಡಲು ಅವಕಾಶ ಇದೆ, ಒಂದು ತರಗತಿಯಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ ಮಾಡಬಹುದು. ಆದರೆ ಈ ಅವಕಾಶ ಪಿಎಚ್‌.ಡಿ.ಗೆ ಇಲ್ಲ. ಆದ್ದರಿಂದ ಎರಡನೇ ಎಂ.ಎ. ಮುಗಿಸಿಯೇ ನೋಂದಣಿಗೆ ಹೋಗಬೇಕು.

2022ರ ಯುಜಿಸಿ ಪಿಎಚ್‌.ಡಿ. ನಿಯಮಾವಳಿಯಲ್ಲಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ, ಜೊತೆಗೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 5 ವಿನಾಯಿತಿ. ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಅದೇ ನಿಯಮಾವಳಿಯ ಇನ್ನೊಂದು ಅಂಶ: ಬೇರೆ ವಿಭಾಗದಿಂದ, ಬೇರೆ ಸಂಸ್ಥೆಯಿಂದ ಸಹ ಮಾರ್ಗದರ್ಶಕರನ್ನು ಪಡೆಯಬಹುದು. ಅಂದರೆ ಗುಲಬರ್ಗಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಇತಿಹಾಸದಲ್ಲೋ ನೋಂದಣಿ ಮಾಡಿಕೊಂಡು, ಹೈದರಾಬಾದ್ ಅಥವಾ ಮೈಸೂರಿನ ಮಾನವಶಾಸ್ತ್ರಜ್ಞರನ್ನು ಎರಡನೇ ಮಾರ್ಗದರ್ಶಕರಾಗಿ ಕೇಳಬಹುದು. ಕೇಳುವವರೇ ಕಡಿಮೆ. ಕೇಳುವಾಗ ‘ಸರ್, ನನಗೆ ಗೈಡ್ ಆಗಿ’ ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಎರಡು ಪುಟದಲ್ಲಿ ಪ್ರಶ್ನೆ ಏನು, ಯಾವ ಊರು, ಯಾವ ಭಾಷೆ ಬರುತ್ತದೆ, ಮೊದಲ ಮಾರ್ಗದರ್ಶಕರಿಂದ ಯಾವ ಭಾಗಕ್ಕೆ ನೆರವು ಸಿಗದು ಎಂಬ ನಾಲ್ಕು ಸಂಗತಿ ಸ್ಪಷ್ಟವಾಗಿರಬೇಕು.

ಹಣದ ವಿಷಯ. ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಪರಿಶಿಷ್ಟ ಪಂಗಡದ ಸಂಶೋಧಕರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ 750 ಮಂದಿಗೆ ಸಿಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಇವು ಯಾವುವೂ ಇಲ್ಲದವರಿಗೆ ತಿಂಗಳಿಗೆ 8,000 ರೂಪಾಯಿಯ ನೆರವು ಇದೆ, ಕ್ಷೇತ್ರಕಾರ್ಯಕ್ಕೆ ಅದು ಖಂಡಿತ ಸಾಲದು. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯೂ ಫೆಲೋಶಿಪ್ ಕೊಡುತ್ತದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ.

ಇನ್ನು ಏನನ್ನು ಓದಬೇಕು ಎಂಬ ಮಾತು. ಒಂದೇ ಶಾಸ್ತ್ರದಿಂದ ಬಿಡಿಸಲಾಗದ ಪ್ರಶ್ನೆಗಳು ನಮ್ಮ ಮೂರು ಜಿಲ್ಲೆಗಳಲ್ಲಿ ಎಷ್ಟು ಬೇಕಾದರೂ ಇವೆ.

ಸುರಪುರ ಸೀಮೆಯ ಕಿರದಳ್ಳಿ ತಾಂಡಾ ನೋಡಿ. ಹಳೆಯ ಚಿನ್ನದ ಗಣಿ ಪ್ರದೇಶದ ಈ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದೂ ಜನರ ಚರ್ಮದ ಮೇಲೆ ಅದರ ಗುರುತು ಮೂಡಿರುವುದೂ ವೈಜ್ಞಾನಿಕ ಅಧ್ಯಯನಗಳಲ್ಲಿ ದಾಖಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರಿನಲ್ಲಿ ಎಷ್ಟಿದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ, ಬಂಡೆಯಿಂದ ಹೇಗೆ ಬಂತು ಎಂದು ಭೂವಿಜ್ಞಾನ, ಮೈಗೆ ಏನಾಯಿತು ಎಂದು ವೈದ್ಯರು. ಒಬ್ಬ ವ್ಯಕ್ತಿಯ ದೇಹಕ್ಕೆ ಒಟ್ಟು ಎಷ್ಟು ಸೇರಿತು ಎಂಬ ಲೆಕ್ಕಕ್ಕೆ ಮಾತ್ರ ಬೇರೆ ಮಾಹಿತಿ ಬೇಕು. ಆತ ವರ್ಷದಲ್ಲಿ ಎಷ್ಟು ತಿಂಗಳು ತಾಂಡಾದಲ್ಲಿದ್ದ, ಎಷ್ಟು ತಿಂಗಳು ಪುಣೆ, ಮುಂಬೈಗೆ ದುಡಿಯಲು ಹೋಗಿದ್ದ? ಸೊಸೆಯಾಗಿ ಬಂದ ಹೆಣ್ಣುಮಗಳು ಯಾವ ವಯಸ್ಸಿನಿಂದ ಆ ನೀರು ಕುಡಿದಳು? ಶುದ್ಧ ನೀರಿನ ಘಟಕ ಕೆಟ್ಟಾಗ ಕುಡಿಯಲು ಯಾವ ನೀರು, ಅಡುಗೆಗೆ ಯಾವುದು, ದನಕ್ಕೆ ಯಾವುದು? ಇದು ವಾಸ್ತವ್ಯದ ಇತಿಹಾಸ. ಮನೆ ಮನೆಗೆ ಕೂತು, ಲಂಬಾಣಿ ಭಾಷೆಯಲ್ಲಿ ಮಾತನಾಡಿ ಕಟ್ಟಬೇಕಾದದ್ದು. ಅದಿಲ್ಲದೆ, ಒಂದೇ ಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಲಕ್ಷಣ ಏಕೆ ಕಾಣಿಸಿತು ಎಂಬುದರ ಒಂದು ಮುಖ್ಯ ಕಾರಣ ಲೆಕ್ಕಕ್ಕೇ ಸಿಗುವುದಿಲ್ಲ.

ಅದೇ ಸೀಮೆಯ ಹುಣಸಗಿ–ಬೈಚಬಾಳ ಕಣಿವೆ ಜಗತ್ತಿನ ಪ್ರಾಗಿತಿಹಾಸದ ನಕ್ಷೆಯಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿ ಕೆಲಸ ಮಾಡಿದರು. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಲಗೆಗಳನ್ನು ಎಬ್ಬಿಸಿ ಕೈಗೊಡಲಿ ಮಾಡಿಕೊಂಡ ಜಾಗ ಸಿಕ್ಕಿತು. ಅಲ್ಲಿನ ಪ್ರಾಣಿಗಳ ಹಲ್ಲುಗಳ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಬತ್ತದ ನೀರಿನ ಸೆಲೆಗಳ ಸುತ್ತ ಜನ ಗುಂಪುಗೂಡುತ್ತಿದ್ದರು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದರು ಎಂಬ ಪದ್ದಯ್ಯನವರ ವಾದಕ್ಕೆ ಇಂದಿನ ಹಳ್ಳಿಗರ ಕಾಡುಸೊಪ್ಪು, ಗೆಡ್ಡೆ, ನೀರಿನ ತಿಳಿವಳಿಕೆಯೂ ಆಧಾರವಾಯಿತು. ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳ ಹಟ್ಟಿಯ ಸಗಣಿ ಸುಟ್ಟು ಆದದ್ದು. ಇವತ್ತಿಗೂ ಕುರಿ ತರುಬುವ (ಹೊಲದಲ್ಲಿ ಮಂದೆ ಕೂಡಿಸುವ) ಮನೆತನಗಳು ಸುತ್ತಲಿನ ಊರುಗಳಲ್ಲಿವೆ. ಹಟ್ಟಿ ಎಲ್ಲಿ ಹಾಕುತ್ತಾರೆ, ಎಷ್ಟು ದಿನಕ್ಕೆ ಬದಲಿಸುತ್ತಾರೆ, ಗೊಬ್ಬರ ಯಾರಿಗೆ ಸೇರುತ್ತದೆ, ಬಿಟ್ಟುಹೋದ ಜಾಗದಲ್ಲಿ ಮಣ್ಣಿನೊಳಗೆ ಏನು ಉಳಿಯುತ್ತದೆ ಎಂದು ಒಬ್ಬ ಕುರುಬರ ಹುಡುಗ ಮಣ್ಣುಶಾಸ್ತ್ರದವರ ಜೊತೆ ಸೇರಿ ದಾಖಲಿಸಿದರೆ ಅದೊಂದು ಪೂರ್ಣ ಪ್ರಮಾಣದ ಪಿಎಚ್‌.ಡಿ. ಕಾಲುವೆ ನೀರು ಬಂದ ಮೇಲೆ ಭತ್ತಕ್ಕಾಗಿ ಹೊಲ ಸಮ ಮಾಡುವ ಭರದಲ್ಲಿ ಇಂಥ ನೆಲೆಗಳು ಅಳಿಯುತ್ತಿವೆ, ಆದ್ದರಿಂದ ಕಾಯಲು ಸಮಯವಿಲ್ಲ. ಒಂದು ಎಚ್ಚರಿಕೆ: ನೆಲದ ಮೇಲೆ ಕಂಡ ಕಲ್ಲಿನ ಆಯುಧವನ್ನು ಎತ್ತಿಕೊಂಡು ಬರಬಾರದು. ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಮೊಬೈಲಿನ ಜಿಪಿಎಸ್‌ನಲ್ಲಿ ಅಕ್ಷಾಂಶ–ರೇಖಾಂಶ ಬರೆದುಕೊಂಡು, ಅಲ್ಲೇ ಬಿಡಬೇಕು. ಸ್ಥಾನ ತಪ್ಪಿದ ಕಲ್ಲಿನಿಂದ ಕಾಲವನ್ನಾಗಲಿ ಬಳಕೆಯನ್ನಾಗಲಿ ಹೇಳಲಾಗದು. ಅಗೆತಕ್ಕೆ 1958ರ ಕಾಯ್ದೆಯ ಪ್ರಕಾರ ಪುರಾತತ್ವ ಇಲಾಖೆಯ ಪರವಾನಗಿ ಬೇಕೇ ಬೇಕು.

2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ ತಾಂಡಾಗಳ ಸುಮಾರು 52 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ತಾಂಡಾ ಕಂದಾಯ ಗ್ರಾಮವಾದ ಮೇಲೆ ನಾಯಕ, ಕಾರಭಾರಿಗಳ ಪಂಚಾಯಿತಿಗೆ ಏನಾಯಿತು? ಹಕ್ಕುಪತ್ರ ಗಂಡನ ಹೆಸರಿಗೋ ಹೆಂಡತಿಯ ಹೆಸರಿಗೋ, ಅದರಿಂದ ಮನೆಯೊಳಗೆ ಏನು ಬದಲಾಯಿತು? ಚಿಂಚೋಳಿ ವನ್ಯಜೀವಿಧಾಮದೊಳಗಿನ ತಾಂಡಾಗಳ ಕತೆ ಬೇರೆ, ಅಲ್ಲಿ ಅರಣ್ಯ ಕಾನೂನು ಓದಿಕೊಂಡವರು ಬೇಕು. ಬೀದರಿನ ಬಿದ್ರಿ ಕುಶಲಕರ್ಮಿಗಳ ಕೆಲಸಕ್ಕೆ ಲೋಹಶಾಸ್ತ್ರ ಮತ್ತು ಮಾನವಶಾಸ್ತ್ರ ಎರಡೂ ಬೇಕು, ನೌಬಾದಿನ ಕರೇಜಿಗೆ (ನೆಲದಡಿಯ ಹಳೆಯ ನೀರು ಕಾಲುವೆ) ಜಲಶಾಸ್ತ್ರ. ಜೇವರ್ಗಿಯ ಶಿಲಾಸಮಾಧಿಗಳು, ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲು, ಸನ್ನತಿ–ಕನಗನಹಳ್ಳಿಯ ಬೌದ್ಧ ನೆಲೆ, ಒಂದೊಂದಕ್ಕೂ ಒಂದೊಂದು ತಂಡ ಬೇಕು.

ನಮ್ಮಲ್ಲಿ ಇದರ ಬದಲು ಪದೇ ಪದೇ ಕಾಣುವ ಶೀರ್ಷಿಕೆ ‘ಲಂಬಾಣಿಗರ ಸಾಮಾಜಿಕ–ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’. ಮುನ್ನೂರು ಜನರಿಗೆ ಪ್ರಶ್ನಾವಳಿ ಹಂಚಿ ಶೇಕಡಾವಾರು ಕೋಷ್ಟಕ ಹಾಕಿದರೆ ಪ್ರಬಂಧ ತಯಾರು. ಜಿಲ್ಲೆ, ಸಮುದಾಯ ಬದಲಾದರೂ ಕೋಷ್ಟಕ ಬದಲಾಗದು. ಇದರಲ್ಲಿ ವಿದ್ಯಾರ್ಥಿಯ ತಪ್ಪಿಗಿಂತ ಕಲಿಸದವರ ತಪ್ಪು ಹೆಚ್ಚು.

ಒಂದು ಉದಾಹರಣೆ ಸಾಕು. ಪ್ರಶ್ನಾವಳಿಯಲ್ಲಿ ‘ಸಂಬಂಧದಲ್ಲಿ ಮದುವೆ: ಹೌದು/ಇಲ್ಲ’ ಎಂಬ ಒಂದು ಸಾಲು ಇರುತ್ತದೆ. ಅಕ್ಕನ ಮಗಳನ್ನು ತಂದುಕೊಂಡರೆ ಮಗುವಿನ ಅಂತಃಸಂತಾನ ಗುಣಾಂಕ (ತಂದೆ ತಾಯಿ ಇಬ್ಬರಿಂದಲೂ ಒಂದೇ ಪೂರ್ವಜರ ಅದೇ ಜೀನ್ ಮಗುವಿಗೆ ಬರುವ ಸಂಭವ) 1/8. ಸೋದರತ್ತೆಯ ಅಥವಾ ಸೋದರಮಾವನ ಮಗಳಾದರೆ 1/16. ಎರಡಕ್ಕೂ ಅಜಗಜಾಂತರ. ‘ಹೌದು’ ಎಂಬ ಗುರುತಿನಲ್ಲಿ ಅದು ಅಳಿಸಿಹೋಗುತ್ತದೆ. ವಂಶಾವಳಿ ವಿಧಾನದಲ್ಲಿ ಮೂರು ನಾಲ್ಕು ತಲೆಮಾರು ಬರೆದರೆ ಅದೇ ಹಾಳೆ ಬೆಡಗಿನ ಅಧ್ಯಯನಕ್ಕೂ ತಳಿವಿಜ್ಞಾನಕ್ಕೂ ಆಸ್ತಿ ಹಂಚಿಕೆಯ ಪ್ರಶ್ನೆಗೂ ಆಗುತ್ತದೆ. ಬರೆಯುವಾಗ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಮಕ್ಕಳನ್ನೋ ನೆರೆಯವರನ್ನೋ ಕೇಳಬೇಕು. ಉಡಿಕೆ (ಮರುಮದುವೆ) ಆದವರ ಮೊದಲ ಮದುವೆ, ತೀರಿಹೋದ ಕೂಸುಗಳು, ದತ್ತು ಬಂದವರು, ಮನೆ ಅಳಿಯಂದಿರು ಮೊದಲ ಸಲ ಬಿಟ್ಟುಹೋಗುತ್ತಾರೆ. ಅದಕ್ಕೇ ಬೇರೆ ದಿನ ಬೇರೆಯವರಿಂದ ಮತ್ತೊಮ್ಮೆ ಕೇಳಿ ಎರಡು ಹಾಳೆ ತಾಳೆ ನೋಡಬೇಕು.

ಕ್ಷೇತ್ರಕಾರ್ಯದ ಕಾಲವನ್ನು ಕಾಲೇಜಿನ ರಜೆ ನೋಡಿ ನಿರ್ಧರಿಸುವುದು ಇನ್ನೊಂದು ದೊಡ್ಡ ತಪ್ಪು. ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ತಾಂಡಾಗಳು ಅರ್ಧಕ್ಕರ್ಧ ಖಾಲಿಯಾಗುತ್ತವೆ. ಆಗ ಹೋದವರಿಗೆ ಸಿಗುವುದು ಮುದುಕರು, ಮಕ್ಕಳು. ‘ತಾಂಡಾದಲ್ಲಿ ದುಡಿಯುವ ವಯಸ್ಸಿನವರ ಪ್ರಮಾಣ ಕಡಿಮೆ’ ಎಂಬ ತೀರ್ಮಾನ ಬರೆದುಬಿಡುತ್ತಾರೆ. ಹೋಳಿಗೆ ಜನ ಮರಳುತ್ತಾರೆ, ಮುಂಗಾರು ಬಿತ್ತನೆವರೆಗೆ ಒಂದಷ್ಟು ಮಂದಿ ಇರುತ್ತಾರೆ. ತೊಗರಿ ರಾಶಿಯ ಕಾಲದಲ್ಲಿ ಯಾರಿಗೂ ಮಾತನಾಡಲು ಪುರುಸೊತ್ತಿಲ್ಲ, ಆದರೆ ಕೂಲಿ, ಮುಯ್ಯಿ, ಸಾಲದ ನಿಜವಾದ ಲೆಕ್ಕ ಕಣ್ಣಿಗೆ ಕಾಣುವುದು ಆಗಲೇ. ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಳೆಯ ಕ್ಯಾಲೆಂಡರ್ ನಂಬಿ ಹೋಗಬಾರದು. ಒಟ್ಟಿನಲ್ಲಿ ಒಂದು ಊರಿನ ಮೇಲೆ ಬರೆಯುವವರು ಒಂದು ಪೂರ್ತಿ ಬೆಳೆವರ್ಷ ಅಲ್ಲಿ ಕಳೆಯಬೇಕು. ಮೊದಲು ಮನೆಗಣತಿ, ಆಮೇಲೆ ವಂಶಾವಳಿ, ಕೊನೆಗೆ ಮುಖಾಮುಖಿ ಸಂದರ್ಶನ. ಈ ಕ್ರಮ ತಿರುವುಮುರುವಾದರೆ ಯಾರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ತಿಳಿಯುವುದಿಲ್ಲ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಆರೆಂಟು ಗಂಟೆ ಹಿಡಿಯುತ್ತದೆ. ಲಂಬಾಣಿ ಭಾಷೆಯದಾದರೆ ಇನ್ನೂ ಹೆಚ್ಚು, ಏಕೆಂದರೆ ಕನ್ನಡ ಲಿಪಿಯಲ್ಲಿ ಯಾವ ಧ್ವನಿಗೆ ಯಾವ ಅಕ್ಷರ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆಯಾ ವಾರದ ಮುದ್ರಣ ಆಯಾ ವಾರ ಇಳಿಸದವರು ಕೊನೆಯ ವರ್ಷದಲ್ಲಿ ಸಿಕ್ಕಿಬೀಳುತ್ತಾರೆ.

ರಕ್ತ, ಉಗುಳು, ದೇಹದ ಅಳತೆ, ಕಾಯಿಲೆಯ ಮಾಹಿತಿ ಇವುಗಳಲ್ಲಿ ಯಾವುದಕ್ಕೆ ಕೈಹಾಕುವುದಾದರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು. ಮಾಹಿತಿ ಸಂಗ್ರಹಿಸಿದ ಮೇಲೆ ಹಿಂದಿನ ದಿನಾಂಕಕ್ಕೆ ಅನುಮತಿ ಸಿಗದು, ಪತ್ರಿಕೆಗಳು ಲೇಖನ ಪ್ರಕಟಿಸುವುದಿಲ್ಲ. ಓದು ಬಾರದವರ ಒಪ್ಪಿಗೆಯನ್ನು ಅವರ ಮಾತಿನಲ್ಲೇ ವಿವರಿಸಿ, ಸಾಕ್ಷಿಯ ಎದುರು ಪಡೆಯಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ನಾಯಕ ಒಪ್ಪಿದ ಎಂದರೆ ತಾಂಡಾದ ಪ್ರತಿಯೊಬ್ಬರೂ ಒಪ್ಪಿದರು ಎಂದಲ್ಲ.

ಹಳೆಯ ದಾಖಲೆ ಬೇಕಾದವರು ಉರ್ದು ಕಲಿಯಲೇಬೇಕು. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದವರು. ನಮ್ಮ ಊರುಗಳ ಅಂದಿನ ಕಾಗದಪತ್ರ ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿ ಉರ್ದು, ಫಾರಸಿಯಲ್ಲಿ ಇದೆ. ಹಳೇ ಮೈಸೂರಿನ ದಾಖಲೆ ಆಧರಿಸಿ ನಮ್ಮ ಭಾಗದ ಜಾತಿ, ಬುಡಕಟ್ಟುಗಳ ಬಗ್ಗೆ ಬರೆದರೆ ದಾರಿ ತಪ್ಪುತ್ತದೆ. ಕಲಬುರಗಿ, ಬೀದರಿನ ಹಲವು ಮನೆಗಳಲ್ಲಿ ಉರ್ದು ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಂದ ಕಲಿಯಲು ಒಂದು ವರ್ಷ ಕೊಟ್ಟರೆ ಸಾಕು.

ವಿಶ್ವವಿದ್ಯಾಲಯಗಳಿಗೆ ನಮ್ಮ ಕೋರಿಕೆ. ಹೊಸ ವಿಭಾಗ, ಹೊಸ ಕಟ್ಟಡ, ಹೊಸ ಹುದ್ದೆ ಎಂದು ಕಾಯುತ್ತ ಕೂತರೆ ಇನ್ನೊಂದು ತಲೆಮಾರು ಕಳೆಯುತ್ತದೆ. ಈಗಿರುವ ಶಕ್ತಿಯನ್ನೇ ಕೂಡಿಸಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಬಹುದು. ಗುಲಬರ್ಗಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ, ಕನ್ನಡ, ಪ್ರಾಣಿಶಾಸ್ತ್ರ. ಕಡಗಂಚಿಯ ಭೂವಿಜ್ಞಾನ, ಭೂಗೋಳ, ಇತಿಹಾಸ, ಸಮಾಜಕಾರ್ಯ. ಕಲಬುರಗಿಯ ಜಿಮ್ಸ್ ಮತ್ತು ಬೀದರಿನ ಬ್ರಿಮ್ಸ್ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಗಳು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಇವರ ನಡುವೆ ಒಂದು ಒಡಂಬಡಿಕೆ ಬೇಕು. ನಾಲ್ಕು ಕವಲುಗಳಿಗೆ ತಲಾ ಒಂದು ಪತ್ರಿಕೆ, ಸಂಶೋಧನಾ ವಿಧಾನಕ್ಕೆ ಎರಡು, ಉರ್ದು ಅಥವಾ ಲಂಬಾಣಿ ಭಾಷೆಗೆ ಒಂದು, ಉಳಿದದ್ದೆಲ್ಲ ಕ್ಷೇತ್ರಕಾರ್ಯ. ಕ್ಷೇತ್ರಕಾರ್ಯ ಒಟ್ಟು ಅಂಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಎರಡು ಬೇರೆ ಋತುಗಳಲ್ಲಿ ನಡೆಯಬೇಕು. ಮೌಲ್ಯಮಾಪನದಲ್ಲಿ ಟಿಪ್ಪಣಿ ಪುಸ್ತಕವನ್ನೇ ನೋಡಬೇಕು. ವರದಿ ಮಾತ್ರ ನೋಡಿದರೆ ನಕಲು ಮಾಡಿದ ವರದಿ ಬರುತ್ತದೆ. ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆ ಮತ್ತು ಮಾನವಶಾಸ್ತ್ರ ಸರ್ವೇಕ್ಷಣೆಯಿಂದ ವರ್ಷಕ್ಕೆ ಎರಡು ಸಲ ತಜ್ಞರನ್ನು ಕರೆಸುವುದು ಕಷ್ಟದ ಕೆಲಸವಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಹಣ ಕೊಡುತ್ತದೆ, ಕೊಡಲಿ. ಅದರಲ್ಲಿ ಒಂದು ಸಣ್ಣ ಪಾಲನ್ನು ಕ್ಷೇತ್ರಕಾರ್ಯದ ಭತ್ಯೆಗೆ ತೆಗೆದಿಡಬೇಕು. ಫೆಲೋಶಿಪ್ ಸಿಗದ ವಿದ್ಯಾರ್ಥಿನಿಯೊಬ್ಬಳು ಒಂದು ಬೆಳೆವರ್ಷ ಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿ ಉಳಿಯಲು, ಬಸ್ ಚಾರ್ಜಿಗೆ, ಒಂದು ಒಳ್ಳೆಯ ರೆಕಾರ್ಡರ್‌ಗೆ, ಭಾಷಾ ಸಹಾಯಕರ ದಿನಗೂಲಿಗೆ ಆಗುವಷ್ಟು. ಹೆಣ್ಣುಮಕ್ಕಳಿಗೆ ಇದನ್ನು ಮೊದಲು ಕೊಡಬೇಕು. ಹೆರಿಗೆ, ಬಾಣಂತನ, ಮನೆಯೊಳಗಿನ ಸಾಲ, ಹೆಂಗಸರ ವಲಸೆ ಇವುಗಳ ಬಗ್ಗೆ ಗಂಡು ಸಂಶೋಧಕರಿಗೆ ಹಳ್ಳಿಯ ಹೆಂಗಸರು ಬಾಯಿ ಬಿಡುವುದಿಲ್ಲ. ಇಂದು ನಮ್ಮ ಬಳಿ ಇರುವ ಮಾಹಿತಿಯ ದೊಡ್ಡ ಕೊರತೆ ಇರುವುದು ಅಲ್ಲೇ.

ಮುಂದಿನ ಸಲ ಸರ್ಕಾರ ನಮ್ಮ ಜಿಲ್ಲೆಗಳಲ್ಲಿ ಕುಲಶಾಸ್ತ್ರೀಯ ಅಧ್ಯಯನಕ್ಕೆ ಆದೇಶ ಹೊರಡಿಸುವಾಗ ಮೂರು ಷರತ್ತು ಸೇರಿಸಲಿ ಎಂದು ಜನಪ್ರತಿನಿಧಿಗಳನ್ನೂ ಕೇಳಿಕೊಳ್ಳುತ್ತೇವೆ. ತಂಡದಲ್ಲಿ ಸ್ಥಳೀಯ ಭಾಷೆ ಬಲ್ಲ, ತರಬೇತಿ ಪಡೆದ ಸಂಶೋಧಕರು ಅರ್ಧದಷ್ಟಾದರೂ ಇರಬೇಕು. ಕ್ಷೇತ್ರಕಾರ್ಯಕ್ಕೆ ಹನ್ನೆರಡು ತಿಂಗಳು ಕೊಡಬೇಕು. ಹೆಸರುಗಳನ್ನು ತೆಗೆದ ಮೂಲ ದತ್ತಾಂಶವನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಬೇಕು, ಮುಂದಿನವರು ತೆರೆದು ಪರೀಕ್ಷಿಸುವಂತಿರಬೇಕು.

– ಮಾನವಶಾಸ್ತ್ರ ಮತ್ತು ಸಮಾಜಶಾಸ್ತ್ರದ ಕೆಲವು ಅಧ್ಯಾಪಕರು, ಸಂಶೋಧಕರು
ಕಲಬುರಗಿ